ರಸ್ತೆ ಗುಂಡಿಗೆ ಬಿದ್ದು ಪೆಟ್ಟಾದರೆ ಪರಿಹಾರ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮಳೆಗಾಲದ ಹಿಂದೆ ನಾನೂ ಬಿದ್ದೆ. ಸಂಜೆ ಏಳೂವರೆ, ಜಿಟಿಜಿಟಿ ಮಳೆ, ಬೀದಿದೀಪ ಇರಲಿಲ್ಲ. ನೀರು ತುಂಬಿದ ಗುಂಡಿ ರಸ್ತೆಗೆ ಸಮನಾಗಿಯೇ ಕಂಡಿತು. ಸ್ಕೂಟರಿನ ಮುಂದಿನ ಚಕ್ರ ಇಳಿದದ್ದಷ್ಟೇ ಗೊತ್ತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದು ಕಲಿತದ್ದು, ವಕೀಲ ಗೆಳೆಯರಿಂದ ಕೇಳಿ ತಿಳಿದದ್ದು ಇಲ್ಲಿದೆ. ಬಿದ್ದವರು, ಬಿದ್ದವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಇಟ್ಟುಕೊಂಡು ಬರೆದಿದ್ದೇನೆ. ದೊಡ್ಡ ಪೆಟ್ಟಾಗಿದ್ದರೆ ಇದನ್ನು ಓದಿದ ಮೇಲೆ ಒಬ್ಬ ವಕೀಲರನ್ನೂ ನೋಡಿ.

ಗುಂಡಿಗೆ ಬಿದ್ದರೆ ಪರಿಹಾರ ಕೇಳುವ ಹಕ್ಕು ನಿಜವಾಗಿಯೂ ಇದೆಯಾ?

ಇದೆ. ಬೆಂಗಳೂರಿನ ಗುಂಡಿಗಳ ಬಗ್ಗೆ 2015ರಲ್ಲಿ ಹೈಕೋರ್ಟಿನಲ್ಲಿ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಅದರಲ್ಲಿ 2019ರ ಜುಲೈ 31ರಂದು ಕರ್ನಾಟಕ ಹೈಕೋರ್ಟ್ ಆದೇಶ ಕೊಟ್ಟಿತು. ಗುಂಡಿ ಇಲ್ಲದ ರಸ್ತೆ, ನಡೆಯಲು ಆಗುವಂಥ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಕೆಟ್ಟ ರಸ್ತೆಯಿಂದ ಪೆಟ್ಟು ತಿಂದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು. ನಿಮ್ಮ ಅರ್ಜಿಯಲ್ಲಿ ಈ ತಾರೀಕನ್ನು ತಪ್ಪದೆ ಬರೆಯಿರಿ. ಅದು ಕಂಡರೆ ಗುಮಾಸ್ತರು ಅರ್ಜಿಯನ್ನು ಎರಡನೇ ಸಲ ಓದುತ್ತಾರೆ.

ಇದಕ್ಕೂ ಹಳೆಯ ಬೇರು ಇದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ, ಕಟ್ಟಡ ಗಟ್ಟಿಯಾಗಿದೆಯಾ ಅಂತ ನೋಡಿಕೊಳ್ಳುವುದು ಅದರ ಮಾಲೀಕನಾದ ಪಾಲಿಕೆಯ ಕೆಲಸ ಅಂತ ಸುಪ್ರೀಂ ಕೋರ್ಟ್ 1966ರಲ್ಲಿ ಹೇಳಿತ್ತು. ಆದರೆ 1997ರಲ್ಲಿ ರಾಜಕೋಟದಲ್ಲಿ ರಸ್ತೆ ಬದಿಯ ಮರ ಬಿದ್ದು ಒಬ್ಬರು ತೀರಿಕೊಂಡ ಕೇಸಿನಲ್ಲಿ ಪಾಲಿಕೆ ಹೊಣೆಯಲ್ಲ ಎಂದಿತು. ಪಾಲಿಕೆ ಪರ ವಕೀಲರು ಎರಡನೆಯದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಜಗಳ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಗುಂಡಿ ಅಲ್ಲಿದೆ ಅಂತ ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ಬಿಟ್ಟರಾ? ಇದನ್ನು ತೋರಿಸುವ ಕಾಗದ ನಿಮ್ಮ ಹತ್ತಿರ ಇರಬೇಕು. ಮುಂದೆ ಹೇಳುವುದೆಲ್ಲ ಆ ಕಾಗದ ಕೂಡಿಸುವ ಬಗ್ಗೆಯೇ.

ಬಿದ್ದ ತಕ್ಷಣ ಏನು ಮಾಡಬೇಕು?

ಮೊದಲು ಆಸ್ಪತ್ರೆ. 112ಕ್ಕೆ ಫೋನ್ ಮಾಡಿ ಅಥವಾ ಮಾಡಿಸಿ. ಆ ಕರೆಯ ದಾಖಲೆ ಮುಂದೆ ಜಾಗಕ್ಕೂ ಸಮಯಕ್ಕೂ ಸಾಕ್ಷಿಯಾಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅಪಘಾತ ಆದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿ ತನಕ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ಪೊಲೀಸರು ಇದು ರಸ್ತೆ ಅಪಘಾತ ಎಂದು ದೃಢಪಡಿಸಬೇಕಾಗುತ್ತದೆ. ಪೊಲೀಸ್ ಬೇಡಪ್ಪ, ಸುಮ್ನೆ ತಲೆನೋವು ಅನ್ನುವವರು ಈ ದುಡ್ಡನ್ನೂ ಬಿಟ್ಟಂತೆ.

ಎತ್ತಿ ಕೂರಿಸಿದವರ ಫೋನ್ ನಂಬರ್ ತೆಗೆದುಕೊಳ್ಳಿ. ಸಹಾಯ ಮಾಡಿದವರ ಮೇಲೆ ಕೇಸು ಬೀಳುವುದಿಲ್ಲ, ಹೆಸರು ಕೊಡಲೇಬೇಕೆಂದು ಯಾರೂ ಒತ್ತಾಯಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ಆ ರಕ್ಷಣೆ ಕೊಡುತ್ತದೆ. ಇದನ್ನು ಹೇಳಿದರೆ ನಂಬರ್ ಕೊಡಲು ಹಿಂಜರಿಯುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಗಾಯ್ತು ಅಂತ ಕೇಳಿದರೆ?

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದೆ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು "ಗಾಡಿಯಿಂದ ಬಿದ್ದೆ ಡಾಕ್ಟ್ರೇ" ಅಂದೆ. ಕೇಸ್ ಶೀಟಿನಲ್ಲಿ "ತಾನಾಗಿ ಬಿದ್ದದ್ದು" ಎಂಬರ್ಥದ ಎರಡು ಇಂಗ್ಲಿಷ್ ಪದ ಬರೆದರು. ಆ ಎರಡು ಪದ ಡಿಸ್ಚಾರ್ಜ್ ಕಾಗದಕ್ಕೆ ಹೋಯಿತು. ಅಲ್ಲಿಂದ ವಿಮೆ ಕಂಪನಿಗೆ, ಪೊಲೀಸ್ ಠಾಣೆಗೆ, ಪಾಲಿಕೆಗೆ. ನನ್ನ ಬೆನ್ನು ಹತ್ತಿ ಎಲ್ಲಾ ಕಡೆಗೂ ಬಂತು.

ನೀವು ಹೀಗೆ ಹೇಳಿ: "ಇಂಥ ರಸ್ತೆಯಲ್ಲಿ, ಇಂಥ ಅಂಗಡಿ ಮುಂದೆ, ಗುಂಡಿಗೆ ಮುಂದಿನ ಚಕ್ರ ಇಳಿದು ಬಿದ್ದೆ." ಗುಂಡಿ ಎಂಬ ಪದ, ಜಾಗ, ಸಮಯ ಮೂರೂ ಬರಬೇಕು. ಬರೆದ ಮೇಲೆ ಓದಿ ಹೇಳಲು ಕೇಳಿ. ಪ್ರಜ್ಞೆ ಇಲ್ಲದಿದ್ದರೆ ಜೊತೆಗೆ ಬಂದವರು ಹೇಳಬೇಕು. ಇದನ್ನು ಎಂಎಲ್‌ಸಿ ಮಾಡಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ದಾಖಲಿಸಿ ಎಂದೂ ಹೇಳಿ. ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಗಾಯದ ಪ್ರಮಾಣಪತ್ರ ಬರುವುದು ಅದರ ಆಧಾರದ ಮೇಲೆ.

ಬಿಲ್ಲುಗಳ ಮೂಲ ಪ್ರತಿಯನ್ನು ಯಾರಿಗೂ ಸುಮ್ನೆ ಕೊಡಬೇಡಿ. ಮೆಡಿಕಲ್ ಸ್ಟೋರಿನ ಚೀಟಿ, ಎಕ್ಸ್‌ರೇ, ಆಟೋಗೆ ಕೊಟ್ಟ ದುಡ್ಡಿನ ಯುಪಿಐ ದಾಖಲೆ, ಫಿಸಿಯೊಥೆರಪಿ ರಶೀದಿ ಎಲ್ಲವೂ ಒಂದೇ ಫೈಲಿಗೆ. ಮೆಡಿಕಲ್ ಸ್ಟೋರಿನ ಚೀಟಿಯ ಮಸಿ ಮೂರು ತಿಂಗಳಲ್ಲಿ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಗುಂಡಿಯ ಫೋಟೊ ಹೇಗೆ ತೆಗೆಯಬೇಕು?

ಬೇಗ. ಯಾರೋ ಬಿದ್ದರು ಅಂತ ಸುದ್ದಿಯಾದ ಗುಂಡಿಯ ಆಯುಸ್ಸು ಬಹಳ ಕಮ್ಮಿ. ನನ್ನ ಭಾವಮೈದ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಅಲ್ಲಿ ಹಸಿ ಜಲ್ಲಿ, ಮೇಲೆ ಒಂದಿಷ್ಟು ಡಾಂಬರು. ಇಷ್ಟು ದಿನ ಇಲ್ಲದ ಲಾರಿ ರಾತ್ರೋರಾತ್ರಿ ಬಂದು ಹೋಗಿತ್ತು! ಪುಣ್ಯಕ್ಕೆ ಪಕ್ಕದಲ್ಲಿ ಹೂವು ಮಾರುವ ಅಮ್ಮ ನಾನು ಬಿದ್ದ ಮೇಲೆ ಇನ್ನೊಬ್ಬರು ಬೀಳದಿರಲಿ ಅಂತ ಗುಂಡಿಯೊಳಗೆ ತಮ್ಮ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ನಿಲ್ಲಿಸಿದ್ದರು, ಅದಕ್ಕೊಂದು ಹೊಂಗೆ ಟೊಂಗೆ ಸಿಕ್ಕಿಸಿದ್ದರು. ಅವರ ಮಗ ಅದನ್ನು ಮೊಬೈಲಿನಲ್ಲಿ ತೆಗೆದು ಸ್ಟೇಟಸ್ ಹಾಕಿದ್ದ. ಕುರ್ಚಿಯ ಸೀಟಿನ ತನಕ ಗುಂಡಿ ನುಂಗಿತ್ತು. ಎಷ್ಟು ಆಳ ಅಂತ ಬೇರೆ ಹೇಳಬೇಕಾಗಲಿಲ್ಲ.

ನಿಮಗೆ ಕುರ್ಚಿ ಸಿಗಲಿಕ್ಕಿಲ್ಲ. ಹೆಲ್ಮೆಟ್ ಅಥವಾ ನೀರಿನ ಬಾಟಲಿ ಇಟ್ಟು ತೆಗೆಯಿರಿ, ಆಗುವುದಾದರೆ ಟೇಪ್ ಹಿಡಿದು ಉದ್ದ, ಅಗಲ, ಆಳ ಅಳೆಯಿರಿ. ಹತ್ತಿರದಿಂದ ಎರಡು ಫೋಟೊ. ದೂರದಿಂದ ಎರಡು, ಅಂಗಡಿ ಬೋರ್ಡೋ ಬಸ್ ನಿಲ್ದಾಣವೋ ವಿದ್ಯುತ್ ಕಂಬದ ನಂಬರೋ ಕಾಣುವ ಹಾಗೆ. ಒಂದು ವಿಡಿಯೊ, ನಡೆದುಕೊಂಡು ಹೋಗುತ್ತಾ. ಜಿಪಿಎಸ್ ಸ್ಥಳ ಮತ್ತು ಸಮಯ ಮೂಡುವ ಕ್ಯಾಮೆರಾ ಆ್ಯಪ್ ಇದ್ದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಿಕೊಳ್ಳಬೇಡಿ, ತೆಗೆದ ಫೋನಿನಲ್ಲೇ ಮೂಲ ಫೋಟೊ ಇರಲಿ. ಕೋರ್ಟಿಗೆ ಹೋದರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಅವತ್ತೇ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬೀಳುತ್ತಾ ಹೋಗುತ್ತದೆ.

ಗುಂಡಿ ಮೊದಲೇ ಇತ್ತು ಅಂತ ತೋರಿಸುವುದು ಹೇಗೆ?

ಆ ಬೀದಿಯವರನ್ನು ಕೇಳಿ. ಯಾರಾದರೂ ಒಬ್ಬರು (ಬೆಂಗಳೂರಾದರೆ) 1533 ಸಹಾಯವಾಣಿಗೋ ಪಾಲಿಕೆಯ ಆ್ಯಪಿನಲ್ಲೋ ದೂರು ಕೊಟ್ಟೇ ಇರುತ್ತಾರೆ. ಆ ದೂರಿನ ನಂಬರ್ ಮತ್ತು ತಾರೀಕು ನಿಮ್ಮ ಕೇಸಿನ ಬೆನ್ನೆಲುಬು. ಅಪಘಾತಕ್ಕೆ ಇಪ್ಪತ್ತು ದಿನ ಮೊದಲು ದೂರು ಬಂದಿದೆ, ಮುಚ್ಚಿಲ್ಲ ಅಂದ ಮೇಲೆ "ನಮ್ಮ ಗಮನಕ್ಕೆ ಬಂದಿರಲಿಲ್ಲ" ಎನ್ನುವ ಮಾತು ನಿಲ್ಲುವುದಿಲ್ಲ. ಇದೇ ಕಾರಣಕ್ಕೆ, ನಿಮಗೆ ಬರೀ ತರಚು ಗಾಯವಾಗಿದ್ದರೂ ದೂರು ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು. ನಾಳೆ ಅಲ್ಲೇ ಬೀಳುವವನಿಗೆ ನಿಮ್ಮ ದೂರೇ ಸಾಕ್ಷಿ.

ಪೊಲೀಸರ ಹತ್ತಿರ ಹೋದರೆ ನನ್ನ ಮೇಲೇ ಕೇಸು ಹಾಕುತ್ತಾರಂತೆ?

ಹಾಕುವುದುಂಟು. ಒಂಟಿ ಗಾಡಿ ಅಪಘಾತದಲ್ಲಿ ಸವಾರನ ಅಜಾಗರೂಕತೆ ಅಂತ ಬರೆದು ಮುಗಿಸುವುದು ಠಾಣೆಗಳಲ್ಲಿ ರೂಢಿ. ನನಗೂ ಠಾಣೆಯ ರೈಟರ್ ಸಮಾಧಾನವಾಗಿಯೇ ಹೇಳಿದರು, "ಯಾಕ್ ಸಾರ್ ಕೇಸು, ಕೊನೆಗೆ ನಿಮ್ ಮೇಲೇ ಬರುತ್ತೆ, ಇನ್ಶೂರೆನ್ಸ್‌ಗೆ ಬೇಕಾದ್ರೆ ಒಂದು ಎಂಡಾರ್ಸ್‌ಮೆಂಟ್ ಕೊಡ್ತೀನಿ." ಆ ಎಂಡಾರ್ಸ್‌ಮೆಂಟ್ ಅಂದರೆ ಹಿಂಬರಹ, ದೂರು ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಕಾಗದ. ಏನೂ ಇಲ್ಲದ್ದಕ್ಕಿಂತ ವಾಸಿ, ಎಫ್‌ಐಆರ್‌ಗೆ ಸಾಟಿಯಲ್ಲ.

ಬಾಯಲ್ಲಿ ಹೇಳಲು ಹೋಗಬೇಡಿ. ಬರೆದ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ನಿಮ್ಮ ವೇಗ, ಹೆಲ್ಮೆಟ್, ಬೀದಿದೀಪ ಇಲ್ಲದ್ದು, ಎಚ್ಚರಿಕೆ ಫಲಕ ಇಲ್ಲದ್ದು, ಗುಂಡಿಯ ಅಳತೆ, ರಸ್ತೆಯ ಹೊಣೆ ಹೊತ್ತ ಎಂಜಿನಿಯರ್ ಮತ್ತು ಗುತ್ತಿಗೆದಾರರ ನಿರ್ಲಕ್ಷ್ಯ ಇಷ್ಟೂ ಇರಲಿ. ನಿರ್ಲಕ್ಷ್ಯದಿಂದ ಗಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿಗೆ, ಸಾವಾದರೆ 106ನೇ ಕಲಮಿಗೆ ಬರುತ್ತದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿ ಅಥವಾ ಡಿಸಿಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಈ ರಸ್ತೆ ಯಾರದ್ದು ಅಂತ ತಿಳಿಯುವುದು ಹೇಗೆ?

ಅರ್ಧ ಅರ್ಜಿಗಳು ಸಾಯುವುದು ಈ ಪ್ರಶ್ನೆಯಲ್ಲೇ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಸಾರ್" ಅನ್ನುವುದಕ್ಕಿಂತ ಸುಲಭದ ಉತ್ತರ ಯಾವ ಕಚೇರಿಗೂ ಇಲ್ಲ.

ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗೆ ಲೋಕೋಪಯೋಗಿ ಇಲಾಖೆ. ಊರೊಳಗಿನ ರಸ್ತೆಗೆ ನಗರಪಾಲಿಕೆ, ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ. ಹೊಸ ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲದಿದ್ದರೆ ಅಭಿವೃದ್ಧಿ ಪ್ರಾಧಿಕಾರ. ಮೆಟ್ರೊ ಕೆಲಸ ನಡೆಯುವ ಕಡೆ ಮೆಟ್ರೊ ನಿಗಮ. ಕುಡಿಯುವ ನೀರಿನ ಪೈಪಿಗೆ, ಒಳಚರಂಡಿಗೆ, ಕೇಬಲ್ಲಿಗೆ, ಗ್ಯಾಸ್ ಪೈಪಿಗೆ ಅಗೆದು ಸರಿಯಾಗಿ ಮುಚ್ಚದೆ ಹೋದದ್ದಾದರೆ ಅಗೆದವರೂ ಹೊಣೆ, ಅಗೆಯಲು ಬಿಟ್ಟವರೂ ಹೊಣೆ.

ಬೆಂಗಳೂರಿನವರು ಒಂದು ಹೊಸ ವಿಷಯ ಗಮನಿಸಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆಗಳಾಗಿವೆ. ಹಳೆಯ ವಿಳಾಸಕ್ಕೆ ಬರೆದು ಕಾಯಬೇಡಿ.

ಅನುಮಾನ ಇದ್ದರೆ ನನ್ನ ಸಲಹೆ ಸರಳ: ಅನುಮಾನ ಇರುವ ಎಲ್ಲರಿಗೂ ಒಂದೇ ಅರ್ಜಿ ಕಳಿಸಿ, "ಗೆ" ಕಾಲಮಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಬರೆದ ಉತ್ತರವೂ ನಿಮಗೆ ದಾಖಲೆಯೇ.

ಅರ್ಜಿ ಹೇಗೆ ಬರೆಯಬೇಕು?

ಒಂದೂವರೆ ಪುಟ ಸಾಕು. ನನ್ನ ಎರಡನೇ ಅರ್ಜಿಯ ಮುಖ್ಯ ಭಾಗ ಹೀಗಿತ್ತು (ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಅದನ್ನು ಬಿಡಿ):

"ದಿನಾಂಕ ___ರಂದು ಸಂಜೆ ಸುಮಾರು 7.30ಕ್ಕೆ ___ ರಸ್ತೆಯಲ್ಲಿ, ___ ಎದುರು, ಸುಮಾರು 4 ಅಡಿ ಉದ್ದ, 3 ಅಡಿ ಅಗಲದ, ನೀರು ತುಂಬಿದ ಗುಂಡಿಗೆ ನನ್ನ ದ್ವಿಚಕ್ರ ವಾಹನದ ಮುಂದಿನ ಚಕ್ರ ಇಳಿದು ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿದಿದೆ. ಸ್ಥಳದಲ್ಲಿ ಎಚ್ಚರಿಕೆ ಫಲಕವಾಗಲೀ ಬೀದಿದೀಪವಾಗಲೀ ಇರಲಿಲ್ಲ. ಸದರಿ ಗುಂಡಿಯ ಬಗ್ಗೆ ದಿನಾಂಕ ___ರಂದೇ ದೂರು ಸಂಖ್ಯೆ ___ ದಾಖಲಾಗಿದೆ. ಚಿಕಿತ್ಸಾ ವೆಚ್ಚ ರೂ. ___, ದುಡಿಮೆ ನಷ್ಟ ರೂ. ___, ನೋವು ಮತ್ತು ತೊಂದರೆಗೆ ರೂ. ___, ಒಟ್ಟು ರೂ. ___ ಪರಿಹಾರ ನೀಡಬೇಕೆಂದು, ಮಾನ್ಯ ಕರ್ನಾಟಕ ಹೈಕೋರ್ಟಿನ 31.07.2019ರ ಆದೇಶವನ್ನು ಗಮನಕ್ಕೆ ತರುತ್ತಾ ಕೋರುತ್ತೇನೆ."

ಜೊತೆಗೆ ಫೋಟೊ, ಎಂಎಲ್‌ಸಿ ಅಥವಾ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾಗದ, ಬಿಲ್ಲುಗಳ ಪ್ರತಿ, ಎಫ್‌ಐಆರ್ ಅಥವಾ ಹಿಂಬರಹ, ಲೈಸೆನ್ಸ್, ಆರ್‌ಸಿ, ವಿಮೆ, ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ. ಆಯುಕ್ತರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ವಾರ್ಡ್ ಕಚೇರಿಯ ಎಂಜಿನಿಯರ್ ಕೈಗೆ ಕೊಟ್ಟು ಬಂದರೆ ಅದು ಅವರ ಬೈಕಿನ ಡಿಕ್ಕಿಯಲ್ಲೇ ಉಳಿಯಬಹುದು. ಅಪಘಾತವಾಗಿ 30 ದಿನದೊಳಗೆ ಕೊಟ್ಟುಬಿಡಿ.

ಪಾಲಿಕೆಯಿಂದ ಎಷ್ಟು ಸಿಗುತ್ತದೆ?

ಬೇಸರ ಆಗುವಷ್ಟು ಕಮ್ಮಿ. ಹೈಕೋರ್ಟ್ ಒತ್ತಡದ ಮೇಲೆ ಬಿಬಿಎಂಪಿ ಮಾಡಿದ ಪರಿಹಾರ ನೀತಿಯಲ್ಲಿ ಸಾವಿಗೆ 3 ಲಕ್ಷ ರೂಪಾಯಿ, ಗಾಯಕ್ಕೆ ಕೆಲವು ಸಾವಿರ ಅಷ್ಟೇ. ಒಂದು ರಾತ್ರಿ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದರೆ ಅದು ಮುಗಿಯುತ್ತದೆ. ಹಾಗಂತ ಅರ್ಜಿ ಬಿಡಬೇಡಿ. ಮುಂದೆ ಕೋರ್ಟಿಗೆ ಹೋದರೆ "ಮೊದಲು ಅವರನ್ನೇ ಕೇಳಿದ್ದೆ" ಅಂತ ತೋರಿಸಲು ಬೇಕು. ಆ ಸಣ್ಣ ಮೊತ್ತ ತೆಗೆದುಕೊಳ್ಳುವಾಗ "ಇನ್ನು ಯಾವ ಬೇಡಿಕೆಯೂ ಇಲ್ಲ" ಎಂಬ ಕಾಗದಕ್ಕೆ ಮಾತ್ರ ಓದದೆ ಸಹಿ ಹಾಕಬೇಡಿ.

ಮುಂಬೈಯಲ್ಲಿ 6 ಲಕ್ಷ ಕೊಡುತ್ತಾರಂತೆ, ನಮಗೂ ಅನ್ವಯಿಸುತ್ತದಾ?

2025ರ ಅಕ್ಟೋಬರ್ 13ರಂದು ಬಾಂಬೆ ಹೈಕೋರ್ಟ್ ಕೊಟ್ಟ ಆದೇಶ ಅದು. ಗುಂಡಿ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸಾವಾದರೆ ವಾರಸುದಾರರಿಗೆ 6 ಲಕ್ಷ, ಗಾಯಕ್ಕೆ ತೀವ್ರತೆ ನೋಡಿ 50 ಸಾವಿರದಿಂದ 2.5 ಲಕ್ಷ. ಪಾಲಿಕೆ ಆಯುಕ್ತರು ಮತ್ತು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಇರುವ ಸಮಿತಿ ತೀರ್ಮಾನಿಸಬೇಕು, 6ರಿಂದ 8 ವಾರದೊಳಗೆ ದುಡ್ಡು ಕೊಡಬೇಕು, ತಡವಾದರೆ 9% ಬಡ್ಡಿ. ತಪ್ಪಿತಸ್ಥ ಅಧಿಕಾರಿ, ಗುತ್ತಿಗೆದಾರರಿಂದ ಅದನ್ನು ವಸೂಲಿ ಮಾಡಬೇಕು.

ಮುಂಬೈ, ಠಾಣೆ ಕಡೆ ಇರುವ ಕನ್ನಡಿಗರು ಇದನ್ನು ನೇರವಾಗಿ ಬಳಸಬಹುದು. ಕರ್ನಾಟಕದಲ್ಲಿ ಇದು ಕಟ್ಟುಪಾಡಲ್ಲ, ಆದರೆ ನಿಮ್ಮ ಅರ್ಜಿಯಲ್ಲೋ ದಾವೆಯಲ್ಲೋ ಉದಾಹರಣೆಯಾಗಿ ತೋರಿಸಬಹುದು. ನನ್ನನ್ನು ಕೇಳಿದರೆ ನಮ್ಮಲ್ಲೂ ಇಂಥ ಸಮಿತಿ ಬೇಕು. ಬಿದ್ದವನು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಲಿ ಅನ್ನುವುದು ಕಾಲು ಮುರಿದವನಿಗೆ ಹೇಳುವ ಮಾತಾ?

ನನ್ನ ಗಾಡಿಯ ವಿಮೆಯಿಂದ ಏನಾದರೂ ಬರುತ್ತದಾ?

ಬರಬಹುದು. ತುಂಬಾ ಜನಕ್ಕೆ ಗೊತ್ತೇ ಇಲ್ಲದ ದುಡ್ಡು ಇದು. ಪಾಲಿಸಿ ಕಾಗದದಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲು ಹುಡುಕಿ. ಮೊತ್ತ 15 ಲಕ್ಷ ರೂಪಾಯಿ. ಗುಂಡಿಗೆ ಬಿದ್ದಿರೋ ನಾಯಿ ಅಡ್ಡ ಬಂತೋ, ತಪ್ಪು ಯಾರದ್ದು ಅಂತ ಅದು ಕೇಳುವುದಿಲ್ಲ. ಸಾವಿಗೆ, ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ 15 ಲಕ್ಷ. ಒಂದು ಕೈಯೋ ಕಾಲೋ ಕಣ್ಣೋ ಹೋದರೆ ಅರ್ಧ. ಮೂಳೆ ಮುರಿದು ಕೂಡಿಕೊಂಡರೆ ಇದರಲ್ಲಿ ಏನೂ ಇಲ್ಲ.

ಎರಡು ಕೊಕ್ಕೆ ಇವೆ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಓಡಿಸಿದವರು ಆರ್‌ಸಿಯಲ್ಲಿರುವ ಮಾಲೀಕರೇ ಆಗಿರಬೇಕು. ಅಪ್ಪನ ಸ್ಕೂಟರ್ ಮಗ ಓಡಿಸಿ ಬಿದ್ದರೆ ಇದು ಸಿಗುವುದಿಲ್ಲ. ಬೇರೆಯವರಿಂದ ಎರವಲು ತಂದ ಬೈಕ್ ಓಡಿಸಿದವರು ಮಾಲೀಕನ ಜಾಗದಲ್ಲೇ ನಿಂತಂತೆ, ಅವರು ಮೂರನೆಯವರಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಕೇಸಿನಲ್ಲಿ ಹೇಳಿದೆ. ಹಾಗಾಗಿ ಮಗನೇ ದಿನಾ ಓಡಿಸುವ ಗಾಡಿ ಮಗನ ಹೆಸರಲ್ಲೇ ಇರಲಿ.

ಬ್ಯಾಂಕ್ ಪಾಸ್‌ಬುಕ್ ಕೂಡ ತೆಗೆದು ನೋಡಿ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದ ಸಾವಿಗೆ 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ಗಾಡಿ ಇರಲಿ ಬಿಡಲಿ, ನಡೆದು ಹೋಗುವವರಿಗೂ ಉಂಟು.

ಹಿಂದೆ ಕೂತಿದ್ದ ನನ್ನ ಹೆಂಡತಿಗೆ ಪೆಟ್ಟಾಗಿದೆ. ಅವಳು ಯಾರನ್ನು ಕೇಳಬೇಕು?

ಅವರಿಗೆ ದಾರಿ ಜಾಸ್ತಿ. ನಿಮ್ಮ ಪಾಲಿಸಿ ಬರೀ ಥರ್ಡ್ ಪಾರ್ಟಿ ಆಗಿರದೆ ಸಮಗ್ರ ಪಾಲಿಸಿಯಾಗಿದ್ದರೆ ಹಿಂಬದಿ ಸವಾರರು ನಿಮ್ಮ ವಿಮೆ ಕಂಪನಿಯ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕ್ಲೇಮ್ ಹಾಕಬಹುದು. ಬೆಂಗಳೂರಿನಲ್ಲಿ ಅದು ಲಘು ವ್ಯವಹಾರಗಳ ನ್ಯಾಯಾಲಯ. ಮುಜುಗರ ಒಂದೇ: ಅಲ್ಲಿ ಗೆಲ್ಲಬೇಕಾದರೆ ಓಡಿಸಿದ ನಿಮ್ಮದೂ ತಪ್ಪಿದೆ ಅಂತ ತೋರಿಸಬೇಕು. ಗಂಡನ ಮೇಲೆ ಹೆಂಡತಿ ಕೇಸು ಅಂತ ನೆಂಟರು ನಗಬಹುದು. ದುಡ್ಡು ಕೊಡುವುದು ವಿಮೆ ಕಂಪನಿ, ನಗಲಿ ಬಿಡಿ.

ಗುಂಡಿ ತಪ್ಪಿಸಲು ಹೋದಾಗ ಹಿಂದಿನ ಲಾರಿ ಗುದ್ದಿತು. ಇದು ಗುಂಡಿ ಕೇಸಾ, ಲಾರಿ ಕೇಸಾ?

ಮೊದಲು ಲಾರಿ ಕೇಸು. ಲಾರಿಗೆ ಥರ್ಡ್ ಪಾರ್ಟಿ ವಿಮೆ ಇರುತ್ತದೆ, ನ್ಯಾಯಮಂಡಳಿ ಇದೆ, ಲೆಕ್ಕದ ಪದ್ಧತಿ ಇದೆ. ಇಲ್ಲಿ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ ನಿಜ, ಅದನ್ನು ನಂಬಿ ತಡ ಮಾಡಬೇಡಿ. ಲಾರಿ ನಿಲ್ಲಿಸದೆ ಹೋದರೆ ಹಿಟ್ ಆ್ಯಂಡ್ ರನ್ ಯೋಜನೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ.

ಬೇರೆ ಗಾಡಿಯೇ ಇಲ್ಲದೆ ನೀವೊಬ್ಬರೇ ಗುಂಡಿಗೆ ಬಿದ್ದಿದ್ದರೆ ನ್ಯಾಯಮಂಡಳಿಯಲ್ಲಿ ಪಾಲಿಕೆಯನ್ನು ಹಿಡಿಯುವುದು ಕಷ್ಟ. ಅದಕ್ಕೆ ಸಿವಿಲ್ ಕೋರ್ಟೇ.

ಹೆಲ್ಮೆಟ್ ಹಾಕಿರಲಿಲ್ಲ. ಕೇಸು ಬಿದ್ದುಹೋಗುತ್ತದಾ?

ಬಿದ್ದುಹೋಗುವುದಿಲ್ಲ, ಕುಗ್ಗಬಹುದು. ತಲೆಗೆ ಪೆಟ್ಟಾಗಿದ್ದರೆ ನಿಮ್ಮ ಪಾಲಿನ ತಪ್ಪು ಅಂತ ಒಂದಷ್ಟು ಶೇಕಡಾ ಕಡಿತ ಮಾಡುತ್ತಾರೆ. ಕಾಲು ಮುರಿದದ್ದಕ್ಕೂ ಹೆಲ್ಮೆಟ್ಟಿಗೂ ಸಂಬಂಧ ಇಲ್ಲ ಅಂತ ನಿಮ್ಮ ವಕೀಲರು ವಾದಿಸುತ್ತಾರೆ. ಕುಡಿದಿದ್ದರೆ ಮಾತ್ರ ಎಲ್ಲಾ ಬಾಗಿಲೂ ಹೆಚ್ಚುಕಮ್ಮಿ ಮುಚ್ಚಿದಂತೆ.

ಸಿವಿಲ್ ಕೋರ್ಟಿಗೆ ಹೋಗುವುದು ಯಾವಾಗ? ಎಷ್ಟು ದಿನದೊಳಗೆ?

ತರಚು ಗಾಯಕ್ಕೆ, ಹತ್ತಿಪ್ಪತ್ತು ಸಾವಿರದ ಬಿಲ್ಲಿಗೆ ಹೋಗಬೇಡಿ. ವರ್ಷಗಟ್ಟಲೆ ಎಳೆಯುತ್ತದೆ, ಓಡಾಟದ ಖರ್ಚೇ ಜಾಸ್ತಿಯಾಗುತ್ತದೆ. ಆಪರೇಷನ್ ಆಗಿದ್ದರೆ, ಕೆಲಸ ಹೋಗಿದ್ದರೆ, ಅಂಗ ಊನವಾಗಿದ್ದರೆ, ಮನೆಯ ದುಡಿಯುವವರು ತೀರಿಕೊಂಡಿದ್ದರೆ ಖಂಡಿತ ಹೋಗಿ.

ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಪಾಲಿಕೆಗಳ ಕಾಯ್ದೆಯಲ್ಲೂ ಹೀಗೇ ಮುಂಚಿತ ನೋಟಿಸಿನ ನಿಯಮ, ಅದರ ಜೊತೆ ಚಿಕ್ಕ ಗಡುವು ಇರುತ್ತದೆ. ಮೂರು ವರ್ಷ ಟೈಮಿದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಪಘಾತವಾಗಿ ಎರಡು ತಿಂಗಳೊಳಗೆ ನೋಟಿಸ್, ಆರು ತಿಂಗಳೊಳಗೆ ದಾವೆ ಅಂತ ಲೆಕ್ಕ ಇಟ್ಟುಕೊಂಡರೆ ಗಡುವಿನ ಗೋಜಲಿಗೆ ಸಿಕ್ಕಿಬೀಳುವುದಿಲ್ಲ.

ತಪ್ಪು ಕಣ್ಣಿಗೆ ಹೊಡೆಯುವ ಹಾಗಿದ್ದರೆ, ಬ್ಯಾರಿಕೇಡ್ ಇಲ್ಲದೆ ಅಗೆದುಬಿಟ್ಟ ಹೊಂಡಕ್ಕೆ ಬಿದ್ದು ಸತ್ತಂಥ ಪ್ರಕರಣದಲ್ಲಿ, ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದೂ ಉಂಟು. ಸಾಕ್ಷಿಗಳನ್ನು ವಿಚಾರಿಸಬೇಕಾದ ಗೊಂದಲ ಇದ್ದರೆ ಅಲ್ಲಿಂದ ಸಿವಿಲ್ ಕೋರ್ಟಿಗೇ ಕಳಿಸುತ್ತಾರೆ.

ಕೋರ್ಟಿನಲ್ಲಿ ಪರಿಹಾರ ಲೆಕ್ಕ ಹಾಕುವುದು ಹೇಗೆ?

ಮೋಟಾರು ಅಪಘಾತ ಕೇಸುಗಳ ಅಳತೆಗೋಲನ್ನೇ ವಕೀಲರು ಇಲ್ಲೂ ಮುಂದಿಡುತ್ತಾರೆ. ಉದಾಹರಣೆಗೆ, 32 ವರ್ಷದ ಟೈಲ್ಸ್ ಕೆಲಸದವರು, ತಿಂಗಳಿಗೆ 18,000 ರೂಪಾಯಿ ದುಡಿಮೆ, ಮೊಣಕಾಲು ಮಡಚಲು ಆಗದೆ ದುಡಿಯುವ ಶಕ್ತಿ 10% ಕುಗ್ಗಿದೆ ಅನ್ನಿ. ವರ್ಷದ ಆದಾಯ 2,16,000. ಆ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಗುಣಕ 16. ಗುಣಿಸಿದರೆ 34,56,000, ಅದರ 10% ಅಂದರೆ 3,45,600 ರೂಪಾಯಿ. ಇದರ ಮೇಲೆ ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ, ನೋವಿಗೆ, ನೋಡಿಕೊಂಡವರಿಗೆ, ಮುಂದಿನ ಆಪರೇಷನ್ನಿಗೆ ಬೇರೆ.

ಇಲ್ಲಿ ಕಣ್ಣಿಡಬೇಕಾದದ್ದು ಆ ಶೇಕಡಾ ಹತ್ತರ ಮೇಲೆ. ಡಾಕ್ಟರ್ ಬರೆಯುವುದು ಕಾಲಿಗೆ ಎಷ್ಟು ಊನ ಅಂತ. ಕೋರ್ಟ್ ನೋಡಬೇಕಾದ್ದು ಅವರ ಕೆಲಸಕ್ಕೆ ಎಷ್ಟು ಊನ ಅಂತ. ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕುವವರಿಗೆ ಮಡಚದ ಮೊಣಕಾಲು ಅಂದರೆ ಕಸುಬೇ ಹೋದಂತೆ, ಅಲ್ವಾ? ಅದೇ ಕಾಲು ಬ್ಯಾಂಕಿನ ಗುಮಾಸ್ತರಿಗೆ ಅಷ್ಟು ಅಡ್ಡಿಯಾಗಲಿಕ್ಕಿಲ್ಲ. ನೀವು ದಿನಾ ಏನು ಕೆಲಸ ಮಾಡುತ್ತಿದ್ದಿರಿ, ಈಗ ಅದರಲ್ಲಿ ಯಾವುದು ಆಗುತ್ತಿಲ್ಲ ಅಂತ ವಕೀಲರಿಗೆ ಕೂತು ವಿವರವಾಗಿ ಹೇಳಿ.

ಡೆಲಿವರಿ ಕೆಲಸ ಮಾಡುತ್ತೇನೆ. ಆರ್ಡರ್ ಕೊಡಲು ಹೋಗುವಾಗ ಬಿದ್ದೆ.

ಕಂಪನಿಯ ಆ್ಯಪಿನಲ್ಲಿ ಅಪಘಾತ ವಿಮೆ ಇದೆಯಾ ನೋಡಿ, ಅವತ್ತೇ ತಿಳಿಸಿ, ಆ ಆರ್ಡರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಯೂ ಇದೆ: ಅಪಘಾತದಲ್ಲಿ ತೀರಿಕೊಂಡರೆ ಒಟ್ಟು 4 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದ ತನಕ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್ಲಿನಲ್ಲಿ ನೋಂದಣಿ ಬೇಕು, ಇವತ್ತೇ ಮಾಡಿಸಿ. ಕಾರ್ಖಾನೆ, ಗಾರ್ಮೆಂಟ್ಸಿನಲ್ಲಿ ಇದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ, ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಬಿದ್ದದ್ದೂ ಕೆಲಸದ ಗಾಯವೆಂದೇ ಲೆಕ್ಕ.

ವಕೀಲರಿಗೆ ಕೊಡಲು ದುಡ್ಡಿಲ್ಲ.

15100ಕ್ಕೆ ಫೋನ್ ಮಾಡಿ, ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಆದಾಯದ ಮಿತಿ ಇದೆ.

ಗುತ್ತಿಗೆದಾರನಿಗೆ ಶಿಕ್ಷೆ ಇಲ್ಲವಾ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮು ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ 1 ಲಕ್ಷದ ತನಕ ದಂಡ. ಅದು ಸರ್ಕಾರದ ಅಪಘಾತ ನಿಧಿಗೆ ಹೋಗುತ್ತದೆ, ನಿಮ್ಮ ಕೈಗಲ್ಲ. ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದ ಪ್ರಕಾರ 2013ರಿಂದ 2017ರ ತನಕ ದೇಶದಲ್ಲಿ ಗುಂಡಿಗಳಿಂದ ಸತ್ತವರು 14,926. ಅದರ ಎದುರು ಒಂದು ಲಕ್ಷದ ದಂಡ ಎಷ್ಟರದ್ದು ಅಂತ ನೀವೇ ನೋಡಿ.

ಆರ್‌ಟಿಐ ಹಾಕಿದರೆ ಪ್ರಯೋಜನ ಇದೆಯಾ?

ತುಂಬಾ ಇದೆ. ಫೀಸು 10 ರೂಪಾಯಿ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಕಥೆ ಬರೆಯಬೇಡಿ. ಆ ರಸ್ತೆಗೆ ಕೊನೆಯ ಸಲ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರು ಯಾರು, ದೋಷ ಸರಿಪಡಿಸುವ ಹೊಣೆಯ ಅವಧಿ ಎಲ್ಲಿಯ ತನಕ, ಕಳೆದ ಆರು ತಿಂಗಳಲ್ಲಿ ಬಂದ ಗುಂಡಿ ದೂರುಗಳ ಪ್ರತಿ, ಹೊಣೆ ಹೊತ್ತ ಎಂಜಿನಿಯರ್ ಹುದ್ದೆ. ಇಷ್ಟೇ ಕೇಳಿ. ಅಪಘಾತದ ದಿನ ಗುತ್ತಿಗೆದಾರರ ಹೊಣೆಯ ಅವಧಿ ಮುಗಿದಿರದಿದ್ದರೆ ನೋಟಿಸಿನಲ್ಲಿ ಅವರ ಹೆಸರನ್ನೂ ಸೇರಿಸಿ.

ಟೋಲ್ ಕಟ್ಟುವ ರಸ್ತೆಯಲ್ಲಿ ಬಿದ್ದರೆ?

ಟೋಲ್ ಕೊಟ್ಟ ಮೇಲೆ ನೀವು ಗ್ರಾಹಕರು. ರಶೀದಿ ಅಥವಾ ಫಾಸ್ಟ್ಯಾಗ್ ದಾಖಲೆ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಹೆದ್ದಾರಿ ಸಹಾಯವಾಣಿ 1033ಕ್ಕೆ ಆಗಲೇ ಫೋನ್ ಮಾಡಿ ದಾಖಲಿಸಿ. ಕೇರಳದ ಪಾಲಿಯೆಕ್ಕರದಲ್ಲಿ ಹಾಳು ರಸ್ತೆಗೆ ಟೋಲ್ ವಸೂಲಿ ನಿಲ್ಲಿಸಿದ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ಬೈಕಿನವರು ಟೋಲ್ ಕಟ್ಟುವುದಿಲ್ಲವಾದ್ದರಿಂದ ಈ ದಾರಿ ಹೆಚ್ಚಾಗಿ ಕಾರಿನವರಿಗೆ.

ನಡೆದು ಹೋಗುವಾಗ ಫುಟ್‌ಪಾತ್ ಕಲ್ಲು ಕುಸಿದು ಬಿದ್ದೆ. ಇದಕ್ಕೂ ಸಿಗುತ್ತದಾ?

ಕೇಳಬಹುದು, 2019ರ ಆದೇಶದಲ್ಲಿ ಫುಟ್‌ಪಾತೂ ಇದೆ. ವೇಗ, ಹೆಲ್ಮೆಟ್, ಲೈಸೆನ್ಸ್ ಎಂಬ ತಕರಾರುಗಳೇ ಇಲ್ಲದ್ದರಿಂದ ಒಂದು ರೀತಿಯಲ್ಲಿ ನಿಮ್ಮದು ಗಟ್ಟಿ ಕೇಸು.

ಗಾಡಿಯ ರಿಪೇರಿ ಖರ್ಚು?

ಪಾಲಿಕೆಗೆ ಕೊಡುವ ಅರ್ಜಿಯಲ್ಲಿ ಗ್ಯಾರೇಜ್ ಬಿಲ್ ಸೇರಿಸಿ. ವಿಮೆಯಲ್ಲಿ ಕೇಳುವುದಾದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಎರಡು ಸಾವಿರದ ರಿಮ್ ಬೆಂಡಿಗೆ ಕ್ಲೇಮ್ ಹಾಕುವುದು ನಷ್ಟ.

ಕೊನೆಗೆ ನಿಮಗೆ ಎಷ್ಟು ಸಿಕ್ಕಿತು?

ಎಲ್ಲರೂ ಕೇಳುತ್ತಾರೆ. ಆಸ್ಪತ್ರೆ ಖರ್ಚಿನಲ್ಲಿ ಬಹುಪಾಲು ಆರೋಗ್ಯ ವಿಮೆಯಿಂದ ಬಂತು, ಅದೂ "ತಾನಾಗಿ ಬಿದ್ದದ್ದು" ಎಂಬ ಸಾಲಿಗೆ ಎರಡು ಸಲ ವಿವರಣೆ ಬರೆದುಕೊಟ್ಟ ಮೇಲೆ. ಪಾಲಿಕೆಗೆ ಕೊಟ್ಟ ಮೊದಲ ಅರ್ಜಿಗೆ ಉತ್ತರವಿಲ್ಲ. ಎರಡನೆಯದಕ್ಕೆ ಐದು ತಿಂಗಳ ಮೇಲೆ ಒಂದು ಸಾಲಿನ ಪತ್ರ ಬಂತು: ರಸ್ತೆ ಬೇರೆ ಇಲಾಖೆಗೆ ಹಸ್ತಾಂತರವಾಗಿದೆ. ಆರ್‌ಟಿಐ ಹಾಕಿ ಕೇಳಿದೆ. ಹಸ್ತಾಂತರದ ತಾರೀಕು ನಾನು ಬಿದ್ದ ಇಪ್ಪತ್ತಾರು ದಿನದ ನಂತರದ್ದು. ಆ ಕಾಗದವನ್ನು ಲಗತ್ತಿಸಿ ಮೂರನೇ ಅರ್ಜಿ ಕೊಟ್ಟಿದ್ದೇನೆ, ಸೀಲು ಹಾಕಿಸಿಕೊಂಡು ಬಂದಿದ್ದೇನೆ.